ಗಣಿಯೂರಿನ ಸೂಲಗಿತ್ತಿ ಮಾಗೆರೂ
ಪರದೇಶವನ್ನು ತವರಾಗಿಸಿದ ಒಬ್ಬ ಗ್ರೀಕ್ ತಾಯಿಯ ಜೀವನಕಥೆ

ಹೊಟ್ಟೆಪಾಡಿಗಾಗಿ ಹುಟ್ಟೂರನ್ನು ಬಿಟ್ಟು ಹೋದವರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗಂಡಸರ ಚರಿತ್ರೆಯನ್ನೇ ಬರೆಯುತ್ತಾರೆ. ಯಾರು ಮೊದಲು ಹೋದರು, ಯಾವ ಅಂಗಡಿಯನ್ನಿಟ್ಟರು, ಎಷ್ಟು ಸಂಪಾದಿಸಿದರು, ಯಾವ ಸಂಘವನ್ನು ಸ್ಥಾಪಿಸಿದರು ಎಂಬ ವಿವರಗಳು ಅಲ್ಲಿ ತುಂಬಿರುತ್ತವೆ. ಆದರೆ ಆ ಪರಸ್ಥಳದಲ್ಲಿ ಮಗುವೊಂದು ಹುಟ್ಟಿದಾಗ ಅದನ್ನು ಮೊದಲು ಎತ್ತಿಕೊಂಡ ಕೈ ಯಾರದು? ಜ್ವರದಿಂದ ಮಲಗಿದ ಒಂಟಿ ಹುಡುಗನಿಗೆ ಗಂಜಿ ಕಾಯಿಸಿ ಕೊಟ್ಟವರು ಯಾರು? ಸತ್ತವನ ತಲೆಯ ಬಳಿ ಕುಳಿತು ಅವನ ತಾಯಿಯ ಬದಲಾಗಿ ಅತ್ತವರು ಯಾರು? ಈ ಪ್ರಶ್ನೆಗಳಿಗೆ ಅಂಥ ಪುಸ್ತಕಗಳಲ್ಲಿ ಉತ್ತರವು ದೊರೆಯುವುದು ವಿರಳ.

ಅಮೆರಿಕದ ಯೂಟಾ ರಾಜ್ಯದ ಗಣಿಯೂರುಗಳಿಗೆ ಹೋಗಿ ನೆಲೆಸಿದ ಗ್ರೀಕರ ಚರಿತ್ರೆಯಲ್ಲಿ ಮಾತ್ರ ಈ ಪ್ರಶ್ನೆಗಳಿಗೆ ಉತ್ತರವಾಗಿ ಒಂದು ಹೆಸರು ಉಳಿದುಕೊಂಡಿದೆ. ಜಾರ್ಜಿಯಾ ಲಾಥೂರಿಸ್ ಮಾಗೆರಾಸ್ ಎಂಬುದು ಆಕೆಯ ಪೂರ್ಣ ನಾಮಧೇಯ. ಜನರು ಕರೆಯುತ್ತಿದ್ದುದು ಮಾಗೆರೂ ಎಂದು. ಗಂಡನ ಹೆಸರಿಗೆ ಒಂದು ಪ್ರತ್ಯಯವನ್ನು ಸೇರಿಸಿ ಹೆಂಡತಿಯನ್ನು ಕರೆಯುವುದು ಗ್ರೀಕ್ ಹಳ್ಳಿಗರ ರೂಢಿ. ಮಾಗೆರಾಸನ ಮನೆಯಾಕೆ ಮಾಗೆರೂ. ಈ ಹೆಸರಿನ ಧ್ವನಿಯನ್ನೇ ಹೋಲುವ ಗ್ರೀಕ್ ಪದವೊಂದಕ್ಕೆ ‘ಅಡುಗೆಯವ’ ಎಂಬ ಅರ್ಥವಿದೆಯೆಂದು ಹೇಳಿದರೆ ನಮ್ಮ ವಾಚಕರಲ್ಲಿ ಬಹುಮಂದಿಗೆ ಈ ಹೆಸರು ಇನ್ನಷ್ಟು ಹತ್ತಿರದ್ದೆನಿಸಬಹುದು.

ಆಕೆಯು ರಾಣಿಯಲ್ಲ, ಶ್ರೀಮಂತಳಲ್ಲ, ಭಾಷಣಗಾರ್ತಿಯೂ ಅಲ್ಲ. ಕೇವಲ ಒಬ್ಬ ಸೂಲಗಿತ್ತಿ. ಆದರೆ ಸಾವಿರಾರು ಗಂಡಸರು ಗುಡಿಸಲು ಹಾಕಿಕೊಂಡು ಬಿಡಾರ ಮಾಡಿದ್ದ ಸ್ಥಳವೊಂದು ಊರೆನಿಸಿಕೊಳ್ಳಬೇಕಾದರೆ ಏನು ಬೇಕೆಂಬುದು ಆಕೆಯ ಜೀವನವನ್ನು ನೋಡಿದರೆ ತಿಳಿಯುತ್ತದೆ.

ದ್ರಾಕ್ಷಿಯ ಬೆಲೆ ಕುಸಿದ ಕಾಲ

ಮಾಗೆರೂ ಹುಟ್ಟಿದ್ದು 1867ರಲ್ಲಿ, ಗ್ರೀಸ್ ದೇಶದ ದಕ್ಷಿಣ ಭಾಗವಾದ ಪೆಲೊಪೊನೀಸ್‌ನಲ್ಲಿ, ಅಖ್ಲಾಡೋಕಾಂಬೋಸ್ ಎಂಬ ಬೆಟ್ಟದ ಹಳ್ಳಿಯಲ್ಲಿ. ಆ ಹೆಸರಿಗೆ ಪಿಯರ್ ಹಣ್ಣಿನ ಮರಗಳ ಬಯಲು ಎಂದರ್ಥ. ಹೆಸರು ಸಿಹಿಯಾಗಿದ್ದರೂ ಅಲ್ಲಿನ ಜನರ ಬದುಕು ಸಿಹಿಯಾಗಿರಲಿಲ್ಲ. ಕಲ್ಲು ತುಂಬಿದ ನೆಲ, ಕೆಲವು ಆಡು ಕುರಿಗಳು, ಆಲಿವ್ ಮರಗಳು, ತುಂಡು ಭೂಮಿ. ಮನೆಯಲ್ಲಿ ಹೆಣ್ಣು ಮಗಳಿದ್ದರೆ ಆಕೆಯ ‘ಪ್ರೀಕಾ’ದ ಚಿಂತೆ. ಪ್ರೀಕಾ ಎಂದರೆ ವರದಕ್ಷಿಣೆ. ತಂದೆಗೆ ಕೊಡಲು ಶಕ್ತಿಯಿಲ್ಲದಿದ್ದರೆ ಅಣ್ಣತಮ್ಮಂದಿರು ದುಡಿದು ತಂದು ಅಕ್ಕತಂಗಿಯರ ಮದುವೆ ಮಾಡಬೇಕು. ಅಲ್ಲಿಯವರೆಗೆ ತಾವು ಮದುವೆಯಾಗಕೂಡದು. ಇದು ಅಲ್ಲಿನ ಕಟ್ಟಳೆ.

ಆ ಸೀಮೆಯ ರೈತರಿಗೆ ಹಣ ತರುತ್ತಿದ್ದ ಮುಖ್ಯ ಬೆಳೆಯೆಂದರೆ ಒಣದ್ರಾಕ್ಷಿ. ಫ್ರಾನ್ಸ್ ದೇಶದ ದ್ರಾಕ್ಷಿ ತೋಟಗಳಿಗೆ ಕೀಟರೋಗ ತಗಲಿದ್ದಾಗ ಅಲ್ಲಿನವರು ಮದ್ಯ ತಯಾರಿಸಲು ಗ್ರೀಸಿನ ಒಣದ್ರಾಕ್ಷಿಯನ್ನೇ ಕೊಳ್ಳುತ್ತಿದ್ದರು. ಬೇಡಿಕೆಯನ್ನು ನಂಬಿ ಗ್ರೀಕ್ ರೈತರು ಆಲಿವ್ ಮರಗಳನ್ನು ಸಹ ಕಡಿದು ದ್ರಾಕ್ಷಿ ನೆಟ್ಟರು. ಆದರೆ ಫ್ರಾನ್ಸಿನ ತೋಟಗಳು ಚೇತರಿಸಿಕೊಂಡವು. ಆ ದೇಶವು ಹೊರಗಿನ ಮಾಲಿಗೆ ಸುಂಕ ಹಾಕಿತು. 1893ರಲ್ಲಿ ಒಣದ್ರಾಕ್ಷಿಯ ಬೆಲೆ ಪಾತಾಳಕ್ಕಿಳಿಯಿತು. ಅದೇ ವರ್ಷ ಗ್ರೀಸ್ ಸರಕಾರವೇ ದಿವಾಳಿಯೆದ್ದಿತು. ಹೀಗೆ ಅಟ್ಟದ ಮೇಲೆ ದ್ರಾಕ್ಷಿ, ಕೈಯಲ್ಲಿ ಸಾಲದ ಪತ್ರ ಎಂಬಂತಾದಾಗ ಹಳ್ಳಿಯ ಯುವಕರು ಹಡಗು ಹತ್ತಿದರು.

1890ರಿಂದ 1924ರವರೆಗಿನ ಅವಧಿಯಲ್ಲಿ ಅಮೆರಿಕಕ್ಕೆ ಹೋದ ಗ್ರೀಕರ ಸಂಖ್ಯೆ ನಾಲ್ಕು ಲಕ್ಷಕ್ಕೂ ಮಿಕ್ಕಿದ್ದು. 1907ರಲ್ಲಿ ಗ್ರೀಸ್ ದೇಶದ ಒಟ್ಟು ಜನಸಂಖ್ಯೆಯೇ ಇಪ್ಪತ್ತಾರು ಲಕ್ಷವಾಗಿತ್ತೆಂಬುದನ್ನು ನೆನೆದರೆ ಈ ಪ್ರವಾಹದ ಗಾತ್ರವು ಮನಸ್ಸಿಗೆ ಹಿಡಿಸೀತು. ಆರಂಭದ ವರ್ಷಗಳಲ್ಲಿ ಹೋದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗಂಡಸರು. ಎರಡು ಮೂರು ವರ್ಷ ದುಡಿದು, ತಂಗಿಯ ಪ್ರೀಕಾ ಕೂಡಿಸಿ, ಸಾಲ ತೀರಿಸಿ ಮರಳಿ ಬರುವೆವೆಂದು ಹೇಳಿ ಹೊರಟವರೇ ಎಲ್ಲರೂ. ಈ ಮಾತನ್ನು ಹೇಳಿ ಮನೆಬಿಟ್ಟವರು ನಮ್ಮಲ್ಲಿಯೂ ಎಷ್ಟು ಮಂದಿ, ಮರಳಿದವರು ಎಷ್ಟು ಮಂದಿ ಎಂಬುದನ್ನು ವಾಚಕರಿಗೆ ನಾವು ತಿಳಿಸಿ ಹೇಳಬೇಕಾಗಿಲ್ಲ.

ಪರದೇಶವಾಸಕ್ಕೆ ಗ್ರೀಕ್ ಭಾಷೆಯಲ್ಲಿ ‘ಕ್ಸೆನಿತಿಯಾ’ ಎಂಬ ಒಂದು ಪದವಿದೆ. ಅದು ಬರಿಯ ಸ್ಥಳಾಂತರವನ್ನು ಸೂಚಿಸುವ ಪದವಲ್ಲ. ತನ್ನವರಿಲ್ಲದಲ್ಲಿ ಬದುಕುವ, ತನ್ನವರಿಲ್ಲದಲ್ಲಿ ಸಾಯುವ ದುಃಖವೆಲ್ಲವೂ ಅದರಲ್ಲಿ ಅಡಗಿದೆ. ಆ ನಾಡಿನ ಹೆಂಗಸರು ಮಗನನ್ನು ಹಡಗಿಗೆ ಕಳುಹಿಸುವಾಗ ಹಾಡುವ ಹಾಡುಗಳೂ, ಸತ್ತವರಿಗಾಗಿ ಹಾಡುವ ಹಾಡುಗಳೂ ಒಂದನ್ನೊಂದು ಹೋಲುತ್ತವೆ.

ಹೆಂಗಸರಿಲ್ಲದ ಊರು

ಯೂಟಾ ರಾಜ್ಯವಿರುವುದು ಅಮೆರಿಕದ ಪಶ್ಚಿಮ ಭಾಗದ ಬೆಟ್ಟ ಮರುಭೂಮಿಗಳ ನಡುವೆ. ಅಲ್ಲಿ ಗ್ರೇಟ್ ಸಾಲ್ಟ್ ಲೇಕ್ ಎಂಬ ಉಪ್ಪುನೀರಿನ ದೊಡ್ಡ ಸರೋವರವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಬಿಂಗಮ್ ಕಣಿವೆಯಲ್ಲಿ ತಾಮ್ರದ ಅದಿರನ್ನು ಬೃಹತ್ಪ್ರಮಾಣದಲ್ಲಿ ಅಗೆಯಲು ಪ್ರಾರಂಭಿಸಿದರು. ಮ್ಯಾಗ್ನಾ ಎಂಬಲ್ಲಿ ಅದಿರನ್ನು ಅರೆದು ಬೇರ್ಪಡಿಸುವ ಕಾರಖಾನೆಗಳು, ಸರೋವರದ ದಕ್ಷಿಣಕ್ಕೆ ಗಾರ್‌ಫೀಲ್ಡ್ ಎಂಬಲ್ಲಿ ತಾಮ್ರವನ್ನು ಕರಗಿಸುವ ಕುಲುಮೆ, ಪೂರ್ವದ ಕಾರ್ಬನ್ ಜಿಲ್ಲೆಯಲ್ಲಿ ಕಲ್ಲಿದ್ದಲ ಗಣಿಗಳು. ಇವೆಲ್ಲಕ್ಕೂ ಅಗ್ಗದ ಆಳುಗಳು ಬೇಕಾಗಿದ್ದರು. ರೈಲುಹಾದಿಗಳ ಕೆಲಸಕ್ಕೂ ಬೇಕಾಗಿದ್ದರು.

1900ರ ಜನಗಣತಿಯ ಪ್ರಕಾರ ಯೂಟಾದಲ್ಲಿದ್ದ ಗ್ರೀಕರು ಕೇವಲ 3 ಮಂದಿ. ಹತ್ತೇ ವರ್ಷಗಳ ತರುವಾಯ, 1910ರಲ್ಲಿ, ಅವರ ಸಂಖ್ಯೆ 4,062 ಆಯಿತು. ಈ ನಾಲ್ಕು ಸಾವಿರ ಮಂದಿಯಲ್ಲಿ ಹೆಂಗಸರನ್ನು ಕೈಬೆರಳುಗಳಲ್ಲಿ ಎಣಿಸಬಹುದಾಗಿತ್ತು.

ಇಂಥ ಗಂಡಸರ ಜೀವನವನ್ನು ಕಲ್ಪಿಸಿಕೊಳ್ಳುವುದು ಹೋಟೆಲ್ ಕಾರ್ಮಿಕರಾದ ನಮ್ಮ ವಾಚಕರಿಗೆ ಕಷ್ಟವಲ್ಲ. ಹತ್ತಾರು ಮಂದಿ ಒಂದೇ ಗುಡಿಸಲಲ್ಲಿ ಮಲಗುವುದು. ಹಗಲುಪಾಳಿಯವನು ಎದ್ದ ಹಾಸಿಗೆಯಲ್ಲಿ ರಾತ್ರಿಪಾಳಿಯವನು ಬಿದ್ದುಕೊಳ್ಳುವುದು. ಸರದಿಯ ಮೇಲೆ ಅಡುಗೆ. ಓದು ಬಲ್ಲವನೊಬ್ಬನು ಎಲ್ಲರಿಗೂ ಊರಿನ ಕಾಗದವನ್ನು ಓದಿ ಹೇಳುವುದು. ತಿಂಗಳು ತಿಂಗಳು ಊರಿಗೆ ಹಣ. ಬಿಡುವಿನ ವೇಳೆಗೆ ‘ಕಫೆನಿಯೊ’ ಎಂಬ ಕಾಫಿಯ ಅಂಗಡಿ. ಒಂದು ಸಣ್ಣ ಬಟ್ಟಲು ಗಟ್ಟಿ ಕಾಫಿಯನ್ನು ಮುಂದಿಟ್ಟುಕೊಂಡು, ಇಸ್ಪೀಟು ಆಡುತ್ತ, ಗ್ರೀಕ್ ಪತ್ರಿಕೆಗಳನ್ನು ಓದುತ್ತ, ರಾಜಕೀಯದ ವಾಗ್ವಾದ ಮಾಡುತ್ತ ಅವರು ಕಾಲ ಕಳೆಯುತ್ತಿದ್ದರು. ಸಾಲ್ಟ್ ಲೇಕ್ ನಗರದಲ್ಲಿ ಇಂಥ ಅಂಗಡಿಗಳ ಬೀದಿಯೇ ಇತ್ತು. 1905ರಲ್ಲಿ ಅಲ್ಲಿ ಅವರದೇ ಒಂದು ಇಗರ್ಜಿಯೂ ಆಯಿತು.

ಕೆಲಸ ಕೊಡಿಸುವ ದಲಾಲಿಗಳ ಕಾಟವೂ ಕಡಿಮೆಯಿರಲಿಲ್ಲ. ಲಿಯೋನಿಡಾಸ್ ಸ್ಕ್ಲಿರಿಸ್ ಎಂಬ ಗ್ರೀಕನೊಬ್ಬನು ಕಂಪೆನಿಗಳಿಗೆ ಆಳುಗಳನ್ನು ಒದಗಿಸಿ, ಕೆಲಸ ಕೊಡಿಸಿದ್ದಕ್ಕೆ ಅದೇ ಆಳುಗಳಿಂದ ಹಣ ಕಿತ್ತು, ಸಾಲ್ಟ್ ಲೇಕ್ ನಗರದ ವೈಭವದ ಹೋಟೆಲಿನಲ್ಲಿ ವಾಸಿಸುತ್ತಿದ್ದನು. ‘ಗ್ರೀಕರ ಚಕ್ರವರ್ತಿ’ ಎಂದೇ ಅವನಿಗೆ ಹೆಸರು. 1912ರ ಸೆಪ್ಟೆಂಬರಿನಲ್ಲಿ ಬಿಂಗಮ್ ಕಣಿವೆಯ ಕಾರ್ಮಿಕರು ಮುಷ್ಕರ ಹೂಡಿದಾಗ ಗ್ರೀಕರ ಮುಖ್ಯ ಬೇಡಿಕೆಯು ಕೂಲಿಯ ಏರಿಕೆಗಿಂತಲೂ ಈ ದಲಾಲಿಯನ್ನು ತೊಲಗಿಸಬೇಕೆಂಬುದೇ ಆಗಿತ್ತು. ಅವನು ರಾಜೀನಾಮೆ ಕೊಡಬೇಕಾಯಿತು. ತನ್ನ ಭಾಷೆಯವನೇ ತನ್ನವರನ್ನು ಸುಲಿಯುವುದೂ, ತನ್ನ ಭಾಷೆಯವರೇ ತನ್ನವರನ್ನು ಕಾಯುವುದೂ ವಲಸೆಗಾರರ ಬಾಳಿನಲ್ಲಿ ಎಲ್ಲೆಡೆಯೂ ಕಂಡುಬರುವ ಎರಡು ಮುಖಗಳು. ಸ್ಕ್ಲಿರಿಸ್ ಮೊದಲನೆಯ ಮುಖವಾದರೆ ನಮ್ಮ ಕಥಾನಾಯಿಕೆಯು ಎರಡನೆಯದು.

ಮಾಗೆರೂ ಬಂದಳು

ಮಾಗೆರೂ ಯೂಟಾಕ್ಕೆ ಬಂದದ್ದು 1909ರಲ್ಲಿ. ಗಂಡನು ಆಕೆಗಿಂತ ಮೊದಲೇ ಬಂದು ದುಡಿಯುತ್ತಿದ್ದನು. ಆಗ ಆಕೆಗೆ ನಲ್ವತ್ತು ದಾಟಿತ್ತು. ಹೊಸ ದೇಶ, ತಿಳಿಯದ ಭಾಷೆ. ಇಳಿದುಕೊಂಡದ್ದು ಮ್ಯಾಗ್ನಾ ಪ್ರದೇಶದ ‘ಸ್ನೇಕ್‌ಟೌನ್’ ಎಂಬ ಕೂಲಿಕಾರರ ಬೀಡಿನಲ್ಲಿ. ‘ಹಾವಿನೂರು’ ಎಂಬ ಆ ಹೆಸರೇ ಸ್ಥಳದ ಸೊಗಸನ್ನು ಹೇಳುತ್ತದೆ.

ಆದರೆ ಆಕೆಯು ಬರಿಗೈಯಲ್ಲಿ ಬಂದವಳಲ್ಲ. ಹದಿನಾಲ್ಕು ವರ್ಷದ ಹುಡುಗಿಯಾಗಿದ್ದಾಗಲೇ ಆಕೆ ಮೊದಲ ಬಾರಿಗೆ ಹೆರಿಗೆ ಮಾಡಿಸಿದ್ದಳು. ಅಂದಿನಿಂದ ತನ್ನ ಬೆಟ್ಟದ ಸೀಮೆಯಲ್ಲಿ ಕಲಿತುಕೊಂಡು ಬಂದ ವಿದ್ಯೆ ಆಕೆಯ ಕೈಯಲ್ಲಿತ್ತು. ಗ್ರೀಕ್ ಭಾಷೆಯಲ್ಲಿ ಸೂಲಗಿತ್ತಿಗೆ ‘ಮಮೀ’ ಎಂದು ಹೆಸರು. ಹಡಗಿನ ಸುಂಕದವನಿಗೆ ಕಾಣದ, ದಲಾಲಿಯು ಕಸಿದುಕೊಳ್ಳಲಾರದ ಆಸ್ತಿ ಅದೊಂದೇ.

ಆಕೆ ಬಂದ ಕಾಲವೂ ಸರಿಯಾದ ಕಾಲವೇ. ಯೂಟಾದ ಗ್ರೀಕ್ ಗಂಡಸರು ಒಬ್ಬೊಬ್ಬರಾಗಿ, ಮರಳಿ ಹೋಗುವ ಯೋಚನೆಯನ್ನು ಬಿಡದೆಯೇ, ಊರಿನಿಂದ ಹೆಣ್ಣು ತರಿಸಿಕೊಳ್ಳತೊಡಗಿದ್ದರು. ಭಾವಚಿತ್ರವನ್ನು ಮಾತ್ರ ನೋಡಿ ಒಪ್ಪಿಕೊಂಡ ವರನನ್ನು ಮದುವೆಯಾಗಲು ಹದಿನೆಂಟು ಇಪ್ಪತ್ತರ ತರುಣಿಯರು ಸಾಗರವನ್ನು ದಾಟಿ, ಮತ್ತೆ ಹಲವು ದಿನ ರೈಲಿನಲ್ಲಿ ಕುಳಿತು ಈ ಮರುಭೂಮಿಗೆ ಬರುತ್ತಿದ್ದರು. ಬಂದ ಒಂದೆರಡು ವರ್ಷಗಳಲ್ಲಿ ಬಸಿರು. ತಾಯಿಯಿಲ್ಲ, ಅತ್ತೆಯಿಲ್ಲ, ಅಕ್ಕಪಕ್ಕದ ಮನೆಯಲ್ಲಿ ತನ್ನ ಮಾತು ಬಲ್ಲವರಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದೆಂದರೆ ಒಂದು ಭೂಖಂಡವನ್ನೂ ಒಂದು ಮಹಾಸಾಗರವನ್ನೂ ದಾಟಬೇಕು!

ಆ ತರುಣಿಯರ ಪಾಲಿಗೆ ಮಾಗೆರೂ ತವರಾದಳು. ಹೆರಿಗೆಯ ನೋವು ಕಾಣಿಸಿತೆಂದರೆ ಗಂಡನು ಓಡಿ ಬಂದು ಆಕೆಯ ಬಾಗಿಲನ್ನು ತಟ್ಟುತ್ತಿದ್ದನು. ಗ್ರೀಕರ ಮನೆಗಳಿಗೆ ಮಾತ್ರವಲ್ಲ. ಅದೇ ಬೀಡುಗಳಲ್ಲಿ ಇಟಲಿಯವರಿದ್ದರು, ಆಸ್ಟ್ರಿಯಾ ಚಕ್ರಾಧಿಪತ್ಯದಿಂದ ಬಂದ ಸ್ಲಾವ್ ಜನಾಂಗದವರಿದ್ದರು. ಅವರ ಮಾತು ಆಕೆಗೆ ತಿಳಿಯದು, ಆಕೆಯ ಮಾತು ಅವರಿಗೆ ತಿಳಿಯದು. ಆದರೂ ಆ ಮನೆಗಳವರೂ ಮಾಗೆರೂವನ್ನೇ ಕರೆಯುತ್ತಿದ್ದರು. ಗಂಡಸರು ಮತದ ಹೆಸರಿನಲ್ಲಿ, ದೇಶದ ಹೆಸರಿನಲ್ಲಿ ಬೇರೆ ಬೇರೆ ಕಾಫಿ ಅಂಗಡಿಗಳಲ್ಲಿ ಕುಳಿತಿದ್ದಾಗ ಹೆಂಗಸರು ಒಂದೇ ಬಾಣಂತಿಕೋಣೆಯಲ್ಲಿ ಸೇರುತ್ತಿದ್ದರೆಂದರೆ ತಪ್ಪಾಗಲಾರದು.

ಡಾಕ್ಟರರೂ ಸೂಲಗಿತ್ತಿಯೂ

ಅಲ್ಲಿ ಡಾಕ್ಟರರೇ ಇರಲಿಲ್ಲವೇ ಎಂದು ವಾಚಕರು ಕೇಳಬಹುದು. ಇದ್ದರು. ಕಂಪೆನಿಗಳೇ ವೈದ್ಯರನ್ನು ಇಟ್ಟುಕೊಂಡು, ಅದರ ವೆಚ್ಚಕ್ಕಾಗಿ ಕೂಲಿಕಾರರ ಸಂಬಳದಲ್ಲಿ ಮುರಿದುಕೊಳ್ಳುವುದು ಅಮೆರಿಕದ ಗಣಿಯೂರುಗಳಲ್ಲಿ ರೂಢಿಯಾಗಿತ್ತು. ಆದರೆ ಕಂಪೆನಿಯ ವೈದ್ಯನೆಂದರೆ ವಲಸೆಗಾರರಿಗೆ ಭಯ. ಕೈಗೋ ಕಾಲಿಗೋ ಪೆಟ್ಟಾದರೆ ಉಳಿಸುವ ಗೋಜಿಗೆ ಹೋಗದೆ ಕತ್ತರಿಸಿಯೇ ಬಿಡುತ್ತಾರೆಂಬ ಆತಂಕವು ಗ್ರೀಕ್ ಕೂಲಿಕಾರರಲ್ಲಿ ಬೇರೂರಿತ್ತು. ಕಾಲಿಲ್ಲದವನು ಊರಿಗೆ ಹಣ ಕಳುಹಿಸುವುದು ಹೇಗೆ? ತಂಗಿಯ ಮದುವೆ ಮಾಡುವುದು ಹೇಗೆ? ಇನ್ನು ಹೆಂಗಸರ ಮಾತಂತೂ ಬೇರೆಯೇ. ಪರಪುರುಷನು, ಅದೂ ಭಾಷೆ ಬಾರದವನು, ಹೆರಿಗೆಯ ಕೋಣೆಗೆ ಬರುವುದೆಂದರೆ ಆ ಹಳ್ಳಿಯ ಹೆಣ್ಣುಮಕ್ಕಳಿಗೆ ಪ್ರಾಣ ಹೋದಷ್ಟು ಸಂಕೋಚ.

ಆ ಕಾಲದಲ್ಲಿ ಅಮೆರಿಕದಲ್ಲಿ ಹೆರಿಗೆಯು ಇಂದಿನಷ್ಟು ನಿರ್ಭಯವಾಗಿರಲಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. 1915ರಿಂದ 1930ರವರೆಗಿನ ವರ್ಷಗಳಲ್ಲಿ ಆ ದೇಶದಲ್ಲಿ ಸಾವಿರ ಹೆರಿಗೆಗಳಿಗೆ ಸುಮಾರು ಆರೇಳು ಮಂದಿ ತಾಯಂದಿರು ಸಾಯುತ್ತಿದ್ದರು. ಪೆನಿಸಿಲಿನ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಬಾಣಂತಿಯರ ಮಾರಕಜ್ವರವು ಬಹುಮಟ್ಟಿಗೆ ಹೆರಿಗೆ ಮಾಡಿಸುವವರ ಕೊಳೆಗೈಗಳಿಂದಲೇ ಹರಡುತ್ತದೆಂದು 1847ರಷ್ಟು ಹಿಂದೆಯೇ ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಡಾ. ಸೆಮ್ಮೆಲ್‌ವೈಸ್ ಎಂಬ ವೈದ್ಯನು ತೋರಿಸಿಕೊಟ್ಟಿದ್ದನು. ಕೈತೊಳೆದು ಬನ್ನಿರೆಂದು ಹೇಳಿದ್ದಕ್ಕಾಗಿ ಆತನು ಬಲ್ಲವರಿಂದಲೇ ನಿಂದೆಗೆ ಒಳಗಾದನು. ತಿಳಿವಳಿಕೆಯು ಪುಸ್ತಕದಲ್ಲಿದ್ದರೂ ಅದು ಎಲ್ಲ ಕೈಗಳಿಗೆ ಇಳಿಯಲು ಬಹಳ ಕಾಲ ಹಿಡಿಯಿತು.

ಪುಸ್ತಕವನ್ನೋದದ ಮಾಗೆರೂವಿನ ಕೈಯಲ್ಲಿ ಆ ತಿಳಿವಳಿಕೆಯಿತ್ತು. ಶುಚಿತ್ವದ ವಿಷಯದಲ್ಲಿ ಆಕೆ ಅತಿ ಕಟ್ಟುನಿಟ್ಟು. ಉಗುರುಗಳನ್ನು ಕತ್ತರಿಸಿಕೊಂಡು, ಕೈಗಳನ್ನು ಚೆನ್ನಾಗಿ ತಿಕ್ಕಿ ತೊಳೆದ ಹೊರತು ಗರ್ಭಿಣಿಯನ್ನು ಮುಟ್ಟುತ್ತಿರಲಿಲ್ಲ. ಆಕೆಯ ಕೈಯಲ್ಲಿ ಒಬ್ಬ ತಾಯಿಯೂ ಪ್ರಾಣ ಬಿಡಲಿಲ್ಲವೆಂಬುದು ಅಲ್ಲಿನ ಜನರು ಕೊನೆಯವರೆಗೂ ಹೇಳುತ್ತಿದ್ದ ಮಾತು. ನಮ್ಮವರು ಇದನ್ನು ಕೈಗುಣವೆನ್ನುವರು. ಕೈಗುಣವೆಂಬುದರಲ್ಲಿ ಸೋಪು, ಬಿಸಿನೀರುಗಳ ಪಾಲೂ ಇರುತ್ತದೆಂಬುದನ್ನು ಅಡುಗೆಮನೆಯ ಕೆಲಸ ಬಲ್ಲವರು ಚೆನ್ನಾಗಿ ಅರಿತಿರುತ್ತಾರೆ.

ಇನ್ನೊಂದು ಗುಣವು ಇದಕ್ಕಿಂತಲೂ ದೊಡ್ಡದು. ತನ್ನ ವಿದ್ಯೆಯು ಎಲ್ಲಿಗೆ ಮುಗಿಯುತ್ತದೆಂಬುದನ್ನು ಆಕೆ ಬಲ್ಲವಳಾಗಿದ್ದಳು. ಹೆರಿಗೆಯು ತೊಡಕಾಗುವ ಸೂಚನೆ ಕಂಡರೆ ಡಾಕ್ಟರರನ್ನು ಕರೆಸಿರೆಂದು ತಾನೇ ಹೇಳುತ್ತಿದ್ದಳು. ಅರೆಬರೆ ಕಲಿತವರಿಗೆ ಇರುವ ಹಮ್ಮು ಆಕೆಗಿರಲಿಲ್ಲ. ಹೆಂಗಸರ ಸಂಕೋಚ ಒಂದು ಕಡೆ, ವೈದ್ಯನ ವಿದ್ಯೆ ಮತ್ತೊಂದು ಕಡೆ. ಎರಡಕ್ಕೂ ನಡುವೆ ಸೇತುವೆಯಾಗಿ ನಿಂತವಳು ಈ ಅನಕ್ಷರಸ್ಥ ಹಳ್ಳಿಯ ಹೆಂಗಸು. ಎಷ್ಟೋ ಜೀವಗಳು ಉಳಿಯುವುದು ಇಂಥ ಸೇತುವೆಗಳ ಮೇಲೆಯೇ.

ಹೆರಿಗೆಯಲ್ಲದೆ ಇತರ ಕಾಯಿಲೆಗಳಿಗೂ ಜನರು ಆಕೆಯಲ್ಲಿಗೆ ಬರುತ್ತಿದ್ದರು. ಗಿಡಮೂಲಿಕೆಗಳ ಕಷಾಯ, ಪಟ್ಟು ಹಾಕುವುದು, ಉಳುಕು ತೆಗೆಯುವುದು ಇತ್ಯಾದಿ ಹಳ್ಳಿಮದ್ದುಗಳನ್ನು ಆಕೆ ಬಲ್ಲಳು. ದೃಷ್ಟಿ ತೆಗೆಯುವ ಪದ್ಧತಿಯೂ ಗ್ರೀಕರಲ್ಲಿದೆ. ನೀರಿನ ಮೇಲೆ ಎಣ್ಣೆಯ ಹನಿಗಳನ್ನು ಬಿಟ್ಟು ನೋಡುತ್ತಾರೆ, ಮಗುವಿಗೆ ನೀಲಿ ಮಣಿಯನ್ನು ಕಟ್ಟುತ್ತಾರೆ, ತೂತೂ ಎಂದು ಮೂರು ಸಲ ಉಗುಳುತ್ತಾರೆ. ಇವುಗಳಲ್ಲಿ ಎಲ್ಲವೂ ಔಷಧವೆಂದು ನಾವು ಹೇಳುತ್ತಿಲ್ಲ. ಇಂದಿನ ತಾಯಂದಿರಿಗೆ ಆಸ್ಪತ್ರೆಯೇ ಆಶ್ರಯವೆಂಬುದರಲ್ಲಿ ಎರಡನೆಯ ಮಾತಿಲ್ಲ. ಆದರೆ ಹೆದರಿದವನ ಹಣೆಯ ಮೇಲೆ ಕೈಯಿಟ್ಟು, ಅವನ ತಾಯಿಯು ಆಡುತ್ತಿದ್ದ ಮಾತಿನಲ್ಲಿಯೇ ‘ಏನೂ ಆಗದು, ಮಗೂ’ ಎಂದು ಹೇಳುವವರಿದ್ದರೆ ಅರ್ಧ ಕಾಯಿಲೆಯ ಭಾರ ಇಳಿಯುತ್ತದೆಂಬುದೂ ಸುಳ್ಳಲ್ಲ.

ನಲ್ವತ್ತು ದಿನಗಳು

ಗ್ರೀಕರಲ್ಲಿ ಬಾಣಂತಿಗೆ ನಲ್ವತ್ತು ದಿನಗಳ ನೇಮವಿದೆ. ಅಲ್ಲಿಯವರೆಗೆ ಆಕೆ ಮನೆಯ ಹೊರಗೆ ಕಾಲಿಡಬಾರದು. ನಲ್ವತ್ತನೆಯ ದಿನ ಮಗುವನ್ನೆತ್ತಿಕೊಂಡು ಇಗರ್ಜಿಗೆ ಹೋಗಿ ಪಾದ್ರಿಯ ಆಶೀರ್ವಾದವನ್ನು ಪಡೆಯುತ್ತಾಳೆ. ಊರಿನಲ್ಲಾದರೆ ಈ ನಲ್ವತ್ತು ದಿನ ತಾಯಿ, ಚಿಕ್ಕಮ್ಮ, ಅತ್ತಿಗೆ ನಾದಿನಿಯರ ಆರೈಕೆಯಿರುತ್ತಿತ್ತು. ಗಣಿಯೂರಿನಲ್ಲಿ ಆ ಬಂಧುಬಳಗದ ಕೆಲಸವೆಲ್ಲವೂ ನೆರೆಹೊರೆಯ ಕೆಲವೇ ಹೆಂಗಸರ ಪಾಲಿಗೆ ಬಂತು.

ಆ ಹೆಂಗಸರ ದಿನಚರಿಯನ್ನು ಕೇಳಿದರೆ ಬೆರಗಾಗುತ್ತದೆ. ಗಂಡನ ಜೊತೆಗೆ ಗಂಡನ ತಮ್ಮಂದಿರು, ಊರಿನವರು, ಬಾಡಿಗೆಗೆ ಇಳಿದವರು; ಇವರೆಲ್ಲರಿಗೂ ಅಡುಗೆ. ಅಂಗಳದಲ್ಲಿ ಮಣ್ಣಿನ ಗುಮ್ಮಟದಂಥ ಒಲೆಯನ್ನು ಕಟ್ಟಿ ಅದರಲ್ಲಿ ರೊಟ್ಟಿ ಸುಡುವುದು. ಕುಲುಮೆಯ ಮಸಿ ಹಿಡಿದ ಬಟ್ಟೆಗಳನ್ನು ಕುದಿಸಿ ಒಗೆಯುವುದು. ಕೋಳಿ, ಆಡುಗಳನ್ನು ಸಾಕುವುದು, ತರಕಾರಿಯ ಪಾತಿ ಮಾಡುವುದು. ಸಂಜೆ ಸರಕಾರಿ ಶಾಲೆಯಿಂದ ಬಂದ ಮಕ್ಕಳನ್ನು ಮತ್ತೆ ಗ್ರೀಕ್ ಶಾಲೆಗೆ ಕಳುಹಿಸುವುದು. ಕಂಪೆನಿಯ ಹಾಜರಿ ಪುಸ್ತಕದಲ್ಲಿ ಇವರಾರ ಹೆಸರೂ ಇರಲಿಲ್ಲ. ಆದರೆ ಇವರ ಕೈ ನಿಂತಿದ್ದರೆ ಕುಲುಮೆಯ ಬೆಂಕಿಯೂ ನಿಲ್ಲುತ್ತಿತ್ತು.

ಮಗುವಿನ ನಾಮಕರಣದಲ್ಲಿ ಇನ್ನೊಂದು ಸಂಬಂಧ ಹುಟ್ಟುತ್ತಿತ್ತು. ಮಗುವಿಗೆ ಜ್ಞಾನಸ್ನಾನ ಮಾಡಿಸುವಾಗ ನಿಲ್ಲುವ ಧರ್ಮಪಿತನು ಅಂದಿನಿಂದ ಆ ಮನೆಯವರಿಗೆ ರಕ್ತಸಂಬಂಧಿಗೆ ಸಮಾನ. ಎಷ್ಟೆಂದರೆ ಎರಡು ಮನೆಗಳ ಮಕ್ಕಳು ಮದುವೆಯಾಗುವುದೂ ನಿಷಿದ್ಧ. ಒಬ್ಬೊಬ್ಬನೇ ಬಂದ ಗಂಡಸರು ಹೀಗೆ ಮಗುವಿನ ಮೂಲಕ ಒಬ್ಬರಿಗೊಬ್ಬರು ನೆಂಟರಾದರು. ಆ ಮಗುವನ್ನು ಭೂಮಿಗೆ ತಂದ ಕೈ ಮಾಗೆರೂವಿನದು. ಸಂಘದ ಕಟ್ಟಡಕ್ಕೆ ಅಡಿಗಲ್ಲನ್ನಿಡುವವರ ಹೆಸರು ಫಲಕದ ಮೇಲಿರುತ್ತದೆ. ಸಂಘಕ್ಕೆ ಜನರನ್ನೇ ತಂದುಕೊಟ್ಟವಳ ಹೆಸರು ಯಾವ ಫಲಕದ ಮೇಲಿರಬೇಕು?

ದುಃಖದ ದಿನಗಳು

ಯೂಟಾದ ಗ್ರೀಕರಿಗೆ ಒಳ್ಳೆಯ ದಿನಗಳಿಗಿಂತ ಕೆಟ್ಟ ದಿನಗಳೇ ಹೆಚ್ಚು. 1920ರ ದಶಕದಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ಮುಸುಕುಧಾರಿಗಳ ಸಂಘವು ಯೂಟಾದಲ್ಲಿಯೂ ತಲೆಯೆತ್ತಿ, ಬೆಟ್ಟಗಳ ಮೇಲೆ ಶಿಲುಬೆಗಳನ್ನು ಸುಟ್ಟು ವಲಸೆಗಾರರನ್ನು ಬೆದರಿಸಿತು. 1924ರಲ್ಲಿ ಅಮೆರಿಕದ ಸರಕಾರವು ಹೊಸ ಕಾನೂನನ್ನು ತಂದು ಗ್ರೀಸಿನಿಂದ ವರ್ಷಕ್ಕೆ ಕೇವಲ 100 ಮಂದಿಗೆ ಪ್ರವೇಶವೆಂದು ವಿಧಿಸಿತು. ತಮ್ಮನನ್ನು ಕರೆಸಿಕೊಳ್ಳೋಣವೆಂದು ಹಣ ಕೂಡಿಸಿದ್ದವರ ಆಸೆಯು ಒಂದೇ ಪೆಟ್ಟಿಗೆ ಮಣ್ಣಾಯಿತು.

ಅದೇ 1924ರ ಮಾರ್ಚ್ 8ರಂದು ಕಾರ್ಬನ್ ಜಿಲ್ಲೆಯ ಕ್ಯಾಸಲ್ ಗೇಟ್ ಎಂಬಲ್ಲಿ ಕಲ್ಲಿದ್ದಲ ಗಣಿಯು ಸ್ಫೋಟಗೊಂಡಿತು. 172 ಮಂದಿ ಮೃತರಾದರು. ಅವರಲ್ಲಿ 50 ಮಂದಿ ಗ್ರೀಕರು. ಆ ಜನರಲ್ಲಿ ಹೃದಯವನ್ನು ಕಲಕುವ ಒಂದು ಪದ್ಧತಿಯಿತ್ತು. ಮದುವೆಯಾಗದ ತರುಣನು ಸತ್ತರೆ ಅವನ ತಲೆಗೆ ಮದುವೆಯ ಕಿರೀಟವನ್ನು ತೊಡಿಸಿ, ವರನಂತೆ ಸಿಂಗರಿಸಿ ಮಣ್ಣು ಮಾಡುತ್ತಿದ್ದರು. ಶವಪೆಟ್ಟಿಗೆಯ ಸುತ್ತ ಗೆಳೆಯರು ನಿಂತು ತೆಗೆಸಿದ ಭಾವಚಿತ್ರವು ಊರಿನಲ್ಲಿರುವ ತಾಯಿಗೆ ಹೋಗುತ್ತಿತ್ತು. ಮಗನು ಅನಾಥನಾಗಿ ಹೋಗಲಿಲ್ಲ, ಅವನಿಗೆ ಮಾಡಬೇಕಾದುದನ್ನೆಲ್ಲ ಮಾಡಿದೆವು ಎಂದು ಹೇಳುವ ಕಾಗದ ಅದು. ಆ ಶವದ ಬಳಿ ಕುಳಿತು, ತಲೆಗೂದಲನ್ನು ಬಿಚ್ಚಿ, ಊರಿನ ರೀತಿಯಲ್ಲಿ ಹಾಡಿ ಅಳುವವರು ಹೆಂಗಸರೇ. ಹೆತ್ತವಳು ಸಾಗರದಾಚೆಗೆ, ಅಳುವವಳು ಬೇರೆ ಹಳ್ಳಿಯವಳು, ಸತ್ತವನ ಮುಖವನ್ನು ಅಂದೇ ನೋಡಿದವಳೂ ಇರಬಹುದು. ಆದರೂ ಅತ್ತಳು. ಪರದೇಶದಲ್ಲಿ ತನಗಾಗಿ ಅಳುವವರೊಬ್ಬರಿದ್ದಾರೆಂಬ ನಂಬಿಕೆಯಿದ್ದರೆ ಮನುಷ್ಯನು ಅಲ್ಲಿ ಬದುಕಲೂ ಧೈರ್ಯ ಮಾಡುತ್ತಾನೆ.

ಹೀಗೆ ಮನೆಮನೆಗಳಲ್ಲಿ ನಡೆಯುತ್ತಿದ್ದ ಹೆಂಗಸರ ಈ ಸೇವೆಗೆ ಮುಂದೆ ಸಂಘಟಿತ ರೂಪವೂ ಬಂದಿತು. 1931ರಲ್ಲಿ ಅಮೆರಿಕದ ಗ್ರೀಕ್ ಇಗರ್ಜಿಯ ಮುಖ್ಯಸ್ಥರಾಗಿದ್ದ ಆರ್ಚ್‌ಬಿಷಪ್ ಅಥೆನಾಗೊರಾಸ್ ಅವರು ‘ಫಿಲೊಪ್ತೋಕೋಸ್’ ಎಂಬ ಮಹಿಳಾಸಂಘವನ್ನು ದೇಶವ್ಯಾಪಿಯಾಗಿ ಸ್ಥಾಪಿಸಿದರು. ಬಡವರ ಮಿತ್ರರು ಎಂಬುದು ಆ ಪದದ ಅರ್ಥ. ಆ ಸಂಘವು ಈಗಲೂ ಇದೆ. ಆದರೆ ಸಂಘಕ್ಕೆ ಹೆಸರಿಡುವ ಮೊದಲೇ ಸಂಘದ ಕೆಲಸವನ್ನು ಮಾಡಿದವರು ಸ್ನೇಕ್‌ಟೌನಿನಂಥ ಬೀಡುಗಳ ಹೆಂಗಸರು.

ಬರೆದಿಟ್ಟ ಮಗಳು

ಕಾಲ ಬದಲಾಯಿತು. ಮಾಗೆರೂ ಎತ್ತಿಕೊಂಡಿದ್ದ ಹೆಣ್ಣುಮಕ್ಕಳು ದೊಡ್ಡವರಾಗಿ, ಇಂಗ್ಲಿಷ್ ಕಲಿತು, ತಮ್ಮ ಹೆರಿಗೆಗೆ ಆಸ್ಪತ್ರೆಗಳಿಗೆ ಹೋಗತೊಡಗಿದರು. ಅದು ಆಗಬೇಕಾದುದೇ. 1950ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಮಾಗೆರೂ ತೀರಿಕೊಂಡಳು. ಹುಟ್ಟಿದ ಹಳ್ಳಿಯ ಬೆಟ್ಟಗಳಿಂದ ಬಹುದೂರದಲ್ಲಿ, ಆದರೆ ತಾನು ಭೂಮಿಗೆ ತಂದ ಮಕ್ಕಳ ನಡುವೆ.

ಆಕೆಯ ಕಥೆಯು ಅಲ್ಲಿಗೇ ಮಣ್ಣಾಗಬಹುದಾಗಿತ್ತು. ಅದನ್ನು ಉಳಿಸಿದವರು ಶ್ರೀಮತಿ ಹೆಲೆನ್ ಪಾಪಾನಿಕೋಲಾಸ್ ಅವರು. ಇವರು 1917ರಲ್ಲಿ ಯೂಟಾದ ಕಾರ್ಬನ್ ಜಿಲ್ಲೆಯ ಕಲ್ಲಿದ್ದಲ ಸೀಮೆಯಲ್ಲಿ ಗ್ರೀಕ್ ತಂದೆತಾಯಂದಿರಿಗೆ ಹುಟ್ಟಿ, ಯೂಟಾ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಾಣುಗಳ ಶಾಸ್ತ್ರವನ್ನು ಓದಿ, 1939ರಲ್ಲಿ ಪದವೀಧರೆಯಾದರು. ಚರಿತ್ರೆಯನ್ನು ಅವರು ಕಾಲೇಜಿನಲ್ಲಿ ಓದಿದವರಲ್ಲ. ತಮ್ಮವರ ಕಥೆಯನ್ನು ಯಾರೂ ಬರೆಯುತ್ತಿಲ್ಲವೆಂಬುದನ್ನು ಕಂಡು ತಾವೇ ಬರೆಯತೊಡಗಿದರು. 1954ರಲ್ಲಿ ಯೂಟಾದ ಇತಿಹಾಸ ಪತ್ರಿಕೆಯಲ್ಲಿ ಕಾರ್ಬನ್ ಜಿಲ್ಲೆಯ ಗ್ರೀಕರ ಬಗ್ಗೆ ಅವರ ಲೇಖನವು ಪ್ರಕಟವಾಯಿತು. 1970ರಲ್ಲಿ ಅದೇ ಪತ್ರಿಕೆಯಲ್ಲಿ ಮಾಗೆರೂವಿನ ಜೀವನವನ್ನು ಬರೆದರು. 1987ರಲ್ಲಿ ‘ಎಮಿಲಿ–ಜಾರ್ಜ್’ ಎಂಬ ಹೆಸರಿನಲ್ಲಿ ತಮ್ಮ ತಾಯಿತಂದೆಯರ ಕಥೆಯನ್ನು ಪುಸ್ತಕವಾಗಿ ಪ್ರಕಟಿಸಿದರು. 2004ರಲ್ಲಿ ದಿವಂಗತರಾಗುವವರೆಗೂ ಬರೆಯುವುದನ್ನು ಬಿಡಲಿಲ್ಲ. ಸೂಕ್ಷ್ಮಾಣುಗಳನ್ನು ಓದಿದ ಮಗಳೊಬ್ಬಳು, ಸೂಕ್ಷ್ಮಾಣುವೆಂಬ ಪದವನ್ನೇ ಕೇಳದಿದ್ದರೂ ಕೈತೊಳೆದು ಜೀವ ಉಳಿಸಿದ ಅಜ್ಜಿಯ ಬೆಲೆಯನ್ನು ಅರಿತು ಬರೆದಳೆಂಬುದು ಎಷ್ಟು ಸಮುಚಿತವಾದ ಸಂಗತಿ!

ಆ ಲೇಖನವು ಮಾಗೆರೂ ಸತ್ತ ಇಪ್ಪತ್ತು ವರ್ಷಗಳ ಮೇಲೆ ಬಂದದ್ದು. ಆಕೆಯನ್ನು ಕಂಡವರು, ಆಕೆಯ ಕೈಯಲ್ಲಿ ಹುಟ್ಟಿದವರು ಇನ್ನೂ ಬದುಕಿದ್ದ ಕಾಲ. ಇನ್ನು ಮೂವತ್ತು ವರ್ಷ ತಡವಾಗಿದ್ದರೆ ಮಾಗೆರೂ ಎಂಬುದು ಅರ್ಥವಿಲ್ಲದ ಒಂದು ಶಬ್ದವಾಗಿ ಉಳಿಯುತ್ತಿತ್ತು.

ವಾಚಕ ಬಂಧುಗಳೇ, ದೂರದ ಯೂಟಾದ ಈ ಕಥೆಯನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ನಾವಿರುವ ನಗರಗಳಲ್ಲಿ ನಮ್ಮವರ ಚರಿತ್ರೆಯೆಂದರೆ ಹೋಟೆಲುಗಳ ಚರಿತ್ರೆ, ಸಂಘಗಳ ಚರಿತ್ರೆ, ರಾತ್ರಿ ಶಾಲೆಗಳ ಚರಿತ್ರೆ. ಅವೆಲ್ಲವೂ ಬೇಕಾದವುಗಳೇ. ಹೋಟೆಲಿನ ಗಲ್ಲೆಯ ಮೇಲೆ ಕುಳಿತು ಜೀವನವನ್ನು ಕಂಡ ನಾವು ಅವುಗಳನ್ನು ಹಗುರಾಗಿ ಎಣಿಸುವವರಲ್ಲ. ಆದರೆ ಚಾಳಿನ ಒಂದು ಕೋಣೆಯಲ್ಲಿ ಸಂಸಾರ ಹೂಡಿ, ಊರಿನಿಂದ ಬಂದ ಹುಡುಗನಿಗೆ ಮೊದಲ ಊಟವಿಕ್ಕಿದ, ನೆರೆಮನೆಯ ಬಾಣಂತಿಗೆ ನೀರು ಕಾಯಿಸಿದ, ಟೈಫಾಯಿಡ್ ಹಿಡಿದ ಮಾಣಿಯನ್ನು ತನ್ನ ಮಕ್ಕಳ ಜೊತೆಗೇ ಮಲಗಿಸಿಕೊಂಡು ನೋಡಿಕೊಂಡ ಅಕ್ಕಂದಿರು, ಅಮ್ಮಂದಿರು ನಮ್ಮಲ್ಲಿಯೂ ಇದ್ದರು. ಅವರ ಹೆಸರು ಯಾವ ಸ್ಮರಣಸಂಚಿಕೆಯಲ್ಲಿದೆ?

ಬರೆಯಲು ಪಂಡಿತರೇ ಬೇಕೆಂದಿಲ್ಲ. ಲೆಕ್ಕ ಬರೆಯುವ ಗುಮಾಸ್ತನೂ ಬರೆಯಬಲ್ಲನು, ಬಿಲ್ಲು ಬರೆಯುವ ಹುಡುಗನೂ ಬರೆಯಬಲ್ಲನು. ಆಕೆಯು ಯಾವ ಊರಿನವಳು, ಯಾವ ವರ್ಷ ಬಂದಳು, ಯಾರಿಗೆ ಏನು ಮಾಡಿದಳು ಎಂಬ ನಾಲ್ಕು ಸಾಲುಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟರೂ ಸಾಕು. ಕೇಳಿ ತಿಳಿಯಬೇಕಾದವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸವಾಗಬೇಕು. ಅವರಿಗೆ ನಾವು ಸಲ್ಲಿಸಬೇಕಾದ ಋಣಗಳಲ್ಲಿ ಇದು ಅತ್ಯಂತ ಚಿಕ್ಕದು.